ಚಿತ್ರದಲ್ಲಿ ಇರುವವರನ್ನು ಕೇಳಿದಿರಾ?

ಈ ಪ್ರಕರಣ ಬರೆಯುವುದಕ್ಕೆ ಇಬ್ಬರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಒಬ್ಬರೇ. ಎರಡನೆಯವರದು ಯಾಕೆ ಬೇಕಾಯಿತು ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ಊರು, ಕೆಲಸ, ಮನೆಯ ವಿವರ, ಚಿತ್ರಗಳ ವಿವರ ಎಲ್ಲವನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಬದಲಿಸಿದ ಮೇಲೆ ಇಬ್ಬರಿಗೂ ಓದಿ ಹೇಳಿದ್ದೇನೆ.

ಬಂದವರು ಮೂವತ್ತೈದು ದಾಟಿದ ಕಲಾವಿದೆ. ಮಲೆನಾಡಿನ ಒಂದು ತೋಟದ ಮನೆಯಲ್ಲಿ ಬೆಳೆದವರು, ಈಗ ಶಿವಮೊಗ್ಗದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಾರೆ. ಅಪ್ಪ ತೀರಿಹೋಗಿ ಕೆಲವು ವರ್ಷ ಆಗಿದೆ. ಅಮ್ಮ ಊರಿನ ಮನೆಯಲ್ಲೇ ಇದ್ದಾರೆ. ಒಬ್ಬಳು ಅಕ್ಕ, ಮದುವೆಯಾಗಿ ಬೇರೆ ಊರಲ್ಲಿದ್ದಾಳೆ.

ಅಪ್ಪ ಕುಡಿಯುತ್ತಿದ್ದರು. ಹಗಲು ಒಳ್ಳೆಯ ಮನುಷ್ಯ, ರಾತ್ರಿ ಬೇರೆಯೇ. ಆ ಮನೆಯನ್ನು ಈ ಹೆಣ್ಣುಮಗಳು ಕ್ಯಾನ್ವಾಸಿಗೆ ತಂದರು. ಅಟ್ಟದ ಏಣಿಯ ಕೆಳಗೆ ಅಡಗಿ ಕೂತ ಅಮ್ಮ, ಬಚ್ಚಲೊಲೆಯ ಬೆಳಕಲ್ಲಿ ಕಾಣುವ ಅಪ್ಪನ ಬೆನ್ನು, ಊಟ ಬಡಿಸಿಟ್ಟು ಯಾರೂ ಕೂರದ ಎಲೆಗಳು, ಹೀಗೆ ಒಂದು ಸರಣಿ. ಅವುಗಳಲ್ಲಿ ದೊಡ್ಡದು, ಎಲ್ಲರೂ ಮುಂದೆ ನಿಂತು ನೋಡಿದ್ದು, ಜಡೆಯ ಚಿತ್ರ. ಅಡಿಕೆ ಸುಲಿಯುವ ಜಾಗ. ಮೆಟ್ಟುಗತ್ತಿ, ಅದರ ಸುತ್ತ ಸಿಪ್ಪೆಯ ರಾಶಿ. ಸಿಪ್ಪೆಯ ಮಧ್ಯೆ ಒಂದು ಕತ್ತರಿಸಿದ ಜಡೆ, ತುದಿಯಲ್ಲಿ ರಿಬ್ಬನ್ ಇನ್ನೂ ಹಾಗೇ ಇದೆ. ಅಕ್ಕನಿಗೆ ಹದಿನಾರು ವರ್ಷ ಇದ್ದಾಗ ಯಾವುದೋ ಹುಡುಗನ ಜೊತೆ ಮಾತಾಡಿದಳು ಅಂತ ಅಪ್ಪ ಕುಡಿದು ಬಂದು ಅವಳ ಜಡೆ ಕತ್ತರಿಸಿದ್ದರು. ಆಗ ತಂಗಿಗೆ ಹನ್ನೊಂದು. ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಳು.

ಈ ಚಿತ್ರಗಳ ಪ್ರದರ್ಶನ ಮುಗಿದು ಸ್ವಲ್ಪ ದಿನಕ್ಕೆ ಅವರು ನನ್ನ ಹತ್ತಿರ ಬಂದಾಗ ನಿದ್ದೆ ಕೆಟ್ಟಿತ್ತು. ಚಿತ್ರಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಕುಂಚ ಹಿಡಿದರೆ ಎದೆ ಡವಡವ ಅನ್ನುತ್ತದೆ ಅಂದರು. ಎರಡು ಯೋಚನೆ ಇತ್ತು ಅವರಿಗೆ. ಒಂದು, ಚಿತ್ರಗಳನ್ನು ಟೀಕಿಸಿದ ಎಲ್ಲರಿಗೂ ಉತ್ತರ ಕೊಡುವಂಥ ಒಂದು ದೊಡ್ಡ ಪತ್ರ ಬರೆದು ವಾಟ್ಸಾಪಿನಲ್ಲಿ ಹಾಕುವುದು. ಇನ್ನೊಂದು, ಎಲ್ಲ ಚಿತ್ರಗಳನ್ನೂ ತೋಟಕ್ಕೆ ಒಯ್ದು ಸುಡುವುದು. ದಿನ ಬಿಟ್ಟು ದಿನ ಒಂದೊಂದು ಸರಿ ಅನ್ನಿಸುತ್ತಿತ್ತಂತೆ.

ಮೊದಲು ಮಾಡಬೇಕಾದ್ದನ್ನು ಮಾಡಿದೆ. ಊಟ, ನಿದ್ದೆ, ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುವ ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಿದೆ. ಜೀವಕ್ಕೆ ಅಪಾಯ ಇರಲಿಲ್ಲ, ಔಷಧಿ ಬೇಕಾಗುವ ಮಟ್ಟದ ಖಿನ್ನತೆಯೂ ಕಾಣಲಿಲ್ಲ. ಆದರೂ ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ. ಇದನ್ನು ಎಲ್ಲರಿಗೂ ಕೊಡುತ್ತೇನೆ.

ಪತ್ರವನ್ನೂ ಬೆಂಕಿಯನ್ನೂ ಸದ್ಯಕ್ಕೆ ಬದಿಗಿಡಿ ಅಂದೆ. ಸುಟ್ಟದ್ದನ್ನು ವಾಪಸ್ ತರಲಾಗುವುದಿಲ್ಲ. ವಾಟ್ಸಾಪಿಗೆ ಹಾಕಿದ್ದನ್ನೂ ಅಷ್ಟೇ. ಮಳೆ ಶುರುವಾಗಿತ್ತು, ತಂಡಿ ಗೋಡೆಗೆ ಆನಿಸಿಟ್ಟ ಕ್ಯಾನ್ವಾಸಿಗೆ ನಮ್ಮ ಕಡೆ ಬೂಸಲು ಹಿಡಿಯುವುದಕ್ಕೆ ಜಾಸ್ತಿ ದಿನ ಬೇಡ. ಹಾಗಾಗಿ ಚಿತ್ರಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗ ಇರುವ ಗೆಳತಿಯ ಮನೆಗೆ ಸಾಗಿಸಲು ಹೇಳಿದೆ. ಇದು ಸಣ್ಣ ಕೆಲಸ. ಆದರೆ ಮನಸ್ಸು ಚದುರಿ ಹೋದವರಿಗೆ ಕೈಗೊಂದು ಕೆಲಸ ಬೇಕು. ನಿರ್ಧಾರವನ್ನು ಮುಂದೂಡುವುದಕ್ಕೆ ಅದರಿಂದ ಒಂದು ದಾರಿಯೂ ಆಗುತ್ತದೆ.

ಆಮೇಲೆ ಯಾರು ಏನಂದರು ಅಂತ ಕೇಳಿದೆ. "ಇಡೀ ಶಿವಮೊಗ್ಗ ಮಾತಾಡ್ತಿದೆ ಮೇಡಂ" ಅಂದರು.

ಇಡೀ ಶಿವಮೊಗ್ಗ ಅಂದರೆ ಯಾರು? ಒಂದು ಹಾಳೆ ಕೊಟ್ಟು, ಹೇಳಿದವರು ಯಾರು, ಅವರ ಬಾಯಿಂದ ಬಂದ ಮಾತು ಯಾವುದು, ಅಕ್ಷರಕ್ಕೆ ಅಕ್ಷರ ಬರೆಯಿರಿ ಅಂದೆ. "ಅವರು ಹೀಗಂದುಕೊಂಡಿರಬಹುದು" ಅನ್ನುವುದು ಬೇಡ, ಕಿವಿಗೆ ಬಿದ್ದದ್ದು ಮಾತ್ರ. ಬರೆದಾಗ ಪಟ್ಟಿ ಒಂದು ಪುಟವೂ ತುಂಬಲಿಲ್ಲ. ಇದು ಅವರೊಬ್ಬರಿಗೆ ಆಗುವುದಲ್ಲ. 2000ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದ್ದರು. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರ ಇರುವ ಟೀ ಶರ್ಟ್ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧಕ್ಕೆ ಹತ್ತಿರ ಜನ ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು ಮಾತ್ರ. ನಾಚಿಕೆಯಲ್ಲಿ ಇರುವಾಗ ನಮ್ಮ ಮೇಲೆ ಎಷ್ಟು ಕಣ್ಣಿದೆ ಅನ್ನುವ ಲೆಕ್ಕ ಯಾವಾಗಲೂ ಜಾಸ್ತಿಯೇ ಆಗುತ್ತದೆ.

ಪಟ್ಟಿಯಲ್ಲಿ ಚಿಕ್ಕಪ್ಪನ ಮಾತಿತ್ತು: "ಅಪ್ಪನ ಅನ್ನ ಉಂಡು ಅಪ್ಪನ ಮಾನ ಕಳೆದೆ." ನೆಂಟರೊಬ್ಬರು "ಸತ್ತವರ ಮೇಲೆ ಯಾಕೆ ಈ ಸಿಟ್ಟು" ಅಂದಿದ್ದರು. ಹಿರಿಯ ಕಲಾವಿದರೊಬ್ಬರು ಪ್ರದರ್ಶನದಲ್ಲೇ ನಾಲ್ಕು ಜನರ ಎದುರು "ಇದು ಡೈರಿ ಆಯ್ತು, ಚಿತ್ರ ಆಗಿಲ್ಲ" ಅಂದಿದ್ದರು. ಆ ಮಾತು ಎಷ್ಟು ಚುಚ್ಚಿತ್ತು ಅಂದರೆ ಅವರು ಅದರ ಮುಂದೆ ಹೇಳಿದ್ದು ಇವರಿಗೆ ಮರೆತೇ ಹೋಗಿತ್ತು. ಅಕ್ಷರಕ್ಕೆ ಅಕ್ಷರ ಬರೆಯುವಾಗ ನೆನಪಾಯಿತು. "ಕೈಗಳೆಲ್ಲ ಒಂದೇ ಥರ ಇವೆ, ಅಮ್ಮನ ಕೈ, ಅಪ್ಪನ ಕೈ ಬೇರೆ ಕಾಣಲ್ಲ" ಅಂದಿದ್ದರಂತೆ. ಬರೆದು ಸ್ವಲ್ಪ ಹೊತ್ತು ಸುಮ್ನೆ ಕೂತರು. "ಅದು ನಿಜ" ಅಂದರು. ಆ ದಿನ ಅವರ ದನಿ ಮೊದಲ ಸಲ ಒಬ್ಬ ಚಿತ್ರಗಾರರ ದನಿಯಾಗಿ ಕೇಳಿಸಿತು ನನಗೆ. ಬದುಕನ್ನು ಎದುರಿಗಿಟ್ಟು ಬರೆದ ಚಿತ್ರಕ್ಕೆ ಬರುವ ಟೀಕೆಯಲ್ಲಿ ಇದೇ ತೊಡಕು. ಬಣ್ಣದ ಬಗ್ಗೆ ಹೇಳಿದ ಮಾತೂ ಬದುಕಿನ ಮೇಲೇ ಬಂದು ಬೀಳುತ್ತದೆ. ಕೈ ಸರಿ ಬಂದಿಲ್ಲ ಅಂದರೆ ನಿನ್ನ ಅಮ್ಮನ ನೋವು ಸುಳ್ಳು ಅಂದ ಹಾಗೆ ಕೇಳಿಸುತ್ತದೆ.

ಅಮ್ಮನ ಮಾತೂ ಪಟ್ಟಿಯಲ್ಲಿತ್ತು. ಅಟ್ಟದ ಕೆಳಗಿನ ಚಿತ್ರವನ್ನು ಮೊಬೈಲಿನಲ್ಲಿ ತುಂಬಾ ಹೊತ್ತು ನೋಡಿ, "ಕಿಟಕಿ ಆ ಕಡೆ ಇರಲಿಲ್ಲ ಮಗಾ" ಅಂದರಂತೆ. ಅಷ್ಟೇ. ಮಗಳಿಗೆ ಇದು ತಳ್ಳಿಹಾಕಿದ ಹಾಗೆ ಅನ್ನಿಸಿತ್ತು. ನನಗೆ ಹಾಗೆ ಕಾಣಲಿಲ್ಲ. ನಡೆದೇ ಇಲ್ಲ ಅಂತ ಆ ತಾಯಿ ಹೇಳಲಿಲ್ಲ. ಬರೆಯಬಾರದಿತ್ತು ಅಂತಲೂ ಹೇಳಲಿಲ್ಲ. ಆ ಜಾಗದಲ್ಲಿ ಕೂತವರಿಗೆ ಮಾತ್ರ ಕಿಟಕಿ ಯಾವ ಕಡೆ ಇತ್ತು ಅಂತ ಗೊತ್ತಿರುತ್ತದೆ, ಅಲ್ವಾ?

ಇದಾದ ಮೇಲೆ, ಎದ್ದು ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ ಅಂದರು: "ಅಕ್ಕನೂ ಒಂದು ಮೆಸೇಜ್ ಹಾಕಿದ್ದಳು. ಆಮೇಲೆ ಫೋನ್ ಎತ್ತುತ್ತಿಲ್ಲ."

ಏನು ಮೆಸೇಜ್?

"ನನ್ನ ಜಡೆ ನಿಂದಲ್ಲ."

ವಾಪಸ್ ಕೂರಿ ಅಂದೆ. ಇಷ್ಟು ಹೊತ್ತು ಬರೆದ ಪಟ್ಟಿಯಲ್ಲಿ ಇದೊಂದು ಬಿಟ್ಟುಹೋಗಿತ್ತು. ಮಿಕ್ಕವರೆಲ್ಲ ಚಿತ್ರದ ಮುಂದೆ ನಿಂತು ಮಾತಾಡಿದವರು. ಅಕ್ಕ ಚಿತ್ರದ ಒಳಗಿಂದ ಮಾತಾಡಿದ್ದಳು. ಅವಳು ಈ ಸಂಗತಿಯನ್ನು ಗಂಡನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪ್ರದರ್ಶನದ ಫೋಟೋ ನೆಂಟರ ಗುಂಪಿನಲ್ಲಿ ಓಡಾಡಿ ಅತ್ತೆಯ ಮೊಬೈಲಿಗೂ ಬಂತು. "ಇದು ನಿನ್ನ ಕಥೆಯಾ?" ಅಂತ ಊಟದ ಹೊತ್ತಿನಲ್ಲಿ, ಮಕ್ಕಳ ಎದುರಿಗೆ ಕೇಳಿದರಂತೆ.

ನನ್ನ ಸಲಹೆ ಇಲ್ಲಿಂದ ಶುರುವಾಯಿತು. ಇದೇ ಅದರ ತಿರುಳು ಕೂಡ: ನೋಡಿದವರಿಗೆ ಉತ್ತರ ಕೊಡಬಹುದು, ಕೊಡದೆಯೂ ಇರಬಹುದು. ಚಿತ್ರದಲ್ಲಿ ಇರುವವರಿಗೆ ಕೊಡಲೇಬೇಕು, ಅದೂ ಎಲ್ಲರಿಗಿಂತ ಮೊದಲು.

ಅವರು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ನನಗೆ ಸರಿಯೆನಿಸಿತು, ಯಾಕೆಂದರೆ ಅವರ ವಾದದಲ್ಲಿ ಹುರುಳಿತ್ತು. "ಫ್ರಿಡಾ ಕಾಹ್ಲೋ ಮಾಡಿದರೆ ದೊಡ್ಡ ಕಲೆ, ನಾನು ಮಾಡಿದರೆ ಮನೆ ಮಾತು ಬೀದಿಗೆ ಹಾಕಿದ ಹಾಗಾ?" ಅಂತ ಕೇಳಿದರು. ಮೆಕ್ಸಿಕೋದ ಚಿತ್ರಗಾರ್ತಿ ಫ್ರಿಡಾಗೆ 1925ರಲ್ಲಿ ಬಸ್ ಅಪಘಾತ ಆಯಿತು, ಆಗ ಆಕೆಗೆ 18 ವರ್ಷ. ಮುರಿದ ಬೆನ್ನು, 1932ರ ಗರ್ಭಪಾತ, ಎಲ್ಲವನ್ನೂ ಆಕೆ ಚಿತ್ರವಾಗಿಸಿದರು. ಆದರೆ ಅದರಲ್ಲಿ ಹೆಚ್ಚಿನದು ಆಕೆಯದೇ ಮೈ, ಆಕೆಯದೇ ನೋವು. ಅಲ್ಲಿ ಕೇಳಬೇಕಾದ ಇನ್ನೊಬ್ಬರು ಇರಲಿಲ್ಲ.

ಜಡೆಯ ಚಿತ್ರಕ್ಕೆ ಹತ್ತಿರದ ಉದಾಹರಣೆ ನಾರ್ವೆಯ ಚಿತ್ರಗಾರ ಎಡ್ವರ್ಡ್ ಮುಂಕ್. ಅವರ ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಹೋದಳು, ಹದಿನೈದೇ ವರ್ಷ. ಹಾಸಿಗೆ ಹಿಡಿದ ಆ ಹುಡುಗಿಯ ಚಿತ್ರವನ್ನು ಮುಂಕ್ 1886ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಜನ ನಕ್ಕರು, ಅರ್ಧಂಬರ್ಧ ಚಿತ್ರ ಅಂತ ಟೀಕಿಸಿದರು. ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಮಾಡಿದ ಚಿತ್ರ ಅದು. ಮುಂಕ್ ಅದನ್ನು ಬಿಡಲಿಲ್ಲ. ಸುಮಾರು ನಲವತ್ತು ವರ್ಷಗಳಲ್ಲಿ ಅದೇ ದೃಶ್ಯವನ್ನು ಒಟ್ಟು ಆರು ಸಲ ಬಣ್ಣದಲ್ಲಿ ಬರೆದರು. ಟೀಕೆಗೆ ಉತ್ತರ ಅಂದರೆ ಹೀಗಿರಬೇಕು ಅಂತ ಈ ಕಲಾವಿದೆಗೂ ಅನ್ನಿಸಿತ್ತು. ನನಗೂ ಮುಂಕ್ ಮೇಲೆ ತುಂಬಾ ಗೌರವ ಇದೆ. ಆದರೆ ಸೋಫಿ ಬದುಕಿರಲಿಲ್ಲ. ನಿಮ್ಮ ಅಕ್ಕ ಬದುಕಿದ್ದಾಳೆ, ನಾಳೆ ಬೆಳಿಗ್ಗೆ ಅದೇ ಮನೆಯಲ್ಲಿ ದೋಸೆ ಹುಯ್ಯಬೇಕು ಅಂದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಒಡೆದು ಹೇಳುತ್ತೇನೆ. ಮನೆ ಮಾತು ಹೊರಗೆ ಹೋಗಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ತೋಟ, ಗದ್ದೆ, ಹಳ್ಳ. ಮಳೆಗಾಲದ ರಾತ್ರಿ ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಕುಡಿದು ಹೊಡೆಯುವವರಿಗೆ ಈ ಒಂಟಿ ಮನೆ ಎಷ್ಟು ಅನುಕೂಲ ಮಾಡಿಕೊಟ್ಟಿದೆ ಅನ್ನುವುದನ್ನು ಇಲ್ಲಿ ಕೂತು ಎಷ್ಟೋ ಹೆಣ್ಣುಮಕ್ಕಳ ಬಾಯಿಂದ ಕೇಳಿದ್ದೇನೆ. ಮರ್ಯಾದೆ ಅನ್ನುವ ಮಾತು ಅಲ್ಲಿ ಹೊಡೆದವನನ್ನು ಕಾಯುತ್ತದೆ, ಹೊಡೆಸಿಕೊಂಡವಳನ್ನಲ್ಲ. ಈ ಚಿತ್ರಗಳು ಬೇಕಿತ್ತು. ಹಾಗಂತ ಹೊಡೆಸಿಕೊಂಡವಳನ್ನೇ ಕೇಳದೆ ಅವಳ ನೋವನ್ನು ಗೋಡೆಗೆ ಹಾಕಿದರೆ, ಅವಳ ಬಾಯಿಯನ್ನು ಇನ್ನೊಂದು ಸಲ ಕಟ್ಟಿದ ಹಾಗೆ ಆಗುತ್ತದೆ. ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅನ್ನುವುದಾದರೂ ಅವಳ ಕೈಯಲ್ಲಿರಬೇಕಿತ್ತು.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹಸೆಗೋಡೆ ಚಿತ್ತಾರ ನೋಡಿದವರಿಗೆ ಗೊತ್ತು. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಲ್ಲಿ ಮದುವೆ ಇದೆ, ಗಂಡು ಹೆಣ್ಣು ಇದ್ದಾರೆ, ಆದರೆ ಯಾರ ಮುಖವೂ ಇಂಥವರದೇ ಅಂತ ಇರುವುದಿಲ್ಲ. ತಲೆಮಾರುಗಳಿಂದ ಹೆಂಗಸರು ಬರೆದ ಆ ಗೋಡೆಯ ಮುಂದೆ ನಿಂತು ಯಾರೂ "ಇದು ನನ್ನ ಕಥೆ" ಅಂತ ನೊಂದುಕೊಳ್ಳುವ ಪ್ರಶ್ನೆಯೇ ಬರಲಿಲ್ಲ. ಹೆಸರು ಹಿಡಿದು ಹೇಳಬಹುದಾದ ಚಿತ್ರ ನಮ್ಮ ಮನೆಗಳಿಗೆ ಇನ್ನೂ ಹೊಸದು. ನೋಡುವವರಿಗೆ ಅಭ್ಯಾಸ ಇಲ್ಲ. ಬರೆಯುವವರಿಗೂ ಇಂಥದ್ದನ್ನು ಹೇಗೆ ಕೇಳಬೇಕು ಅಂತ ಹೇಳಿಕೊಟ್ಟವರಿಲ್ಲ.

ಅಕ್ಕನ ಹತ್ತಿರ ಹೋಗುವುದನ್ನು ನಾವು ಸಾಕಷ್ಟು ತಯಾರಿ ಮಾಡಿಕೊಂಡೆವು. ಏಕಾಏಕಿ ಅವಳ ಮನೆಗೆ ಹೋಗಬೇಡಿ, ಅಲ್ಲಿ ಅವಳು ಬಾಯಿ ಬಿಡಲು ಆಗುವುದಿಲ್ಲ ಅಂದೆ. ಎಲ್ಲಿ, ಯಾವಾಗ ಸಿಗುವುದು ಅಂತ ಅವಳೇ ಹೇಳಲಿ. ಫೋನ್ ಎತ್ತದಿದ್ದರೆ ಒಂದೇ ಮೆಸೇಜ್: "ನೀನು ಹೇಳಿದ್ದು ಸರಿ. ಕೇಳಬೇಕಿತ್ತು, ಕೇಳಲಿಲ್ಲ. ನಿನಗೆ ಆದಾಗ ಸಿಗೋಣ." ಅದರ ಹಿಂದೆ ಇನ್ನೊಂದು, ಮತ್ತೊಂದು ಕಳಿಸಬಾರದು. ಸಿಕ್ಕಾಗ "ನಾನು ಒಳ್ಳೆಯದಕ್ಕೇ ಮಾಡಿದ್ದು" ಅನ್ನುವ ಮಾತು ಬೇಡ. ಅಳು ಬಂದರೆ ಬರಲಿ, ಆದರೆ ಅಕ್ಕ ನಿಮ್ಮನ್ನು ಸಮಾಧಾನ ಮಾಡಬೇಕಾದ ಹಾಗೆ ಆಗಬಾರದು. ಫೋಟೋದಿಂದ ಮನೆಯಲ್ಲಿ ಏನಾಯಿತು ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಈಗ ಏನು ಮಾಡಲಿ ಅಂತ ಕೇಳಿ.

ಅಕ್ಕ ಏನು ಕೇಳಿದರೂ ಒಪ್ಪಲೇಬೇಕಾ ಅನ್ನುವುದು ಅವರ ಭಯ. ಚಿತ್ರ ತೋರಿಸಬೇಡ ಅಂದರೆ ತೋರಿಸಬಾರದು, ಗುಂಪಿನಲ್ಲಿರುವ ಫೋಟೋ ಅಳಿಸು ಅಂದರೆ ನೆಂಟರಿಗೆಲ್ಲ ಹೇಳಿ ಅಳಿಸಬೇಕು. ಆದರೆ ನಾನು ಅದನ್ನು ನೋಡೇ ಇಲ್ಲ ಅಂತ ಹೇಳು ಅಂದರೆ ಅದನ್ನು ಒಪ್ಪಬೇಕಾಗಿಲ್ಲ. ಬಾಗಿಲ ಸಂದಿಯಲ್ಲಿ ನಿಂತ ಹನ್ನೊಂದು ವರ್ಷದ ಹುಡುಗಿಯ ಕಥೆ ನಿಮ್ಮದೇ. ಅದಕ್ಕೆ ಯಾರ ಅನುಮತಿಯೂ ಬೇಡ. ಇದನ್ನು ಹೇಳಿದಾಗ ಅವರು ಅತ್ತರು. ಇಡೀ ಸರಣಿಯಲ್ಲಿ ಆ ಹುಡುಗಿ ಒಂದು ಚಿತ್ರದಲ್ಲೂ ಇರಲಿಲ್ಲ.

ಚಿಕ್ಕಪ್ಪನಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಎರಡೇ ವಾಕ್ಯ ಸಾಕು ಅಂತ ಕೋಣೆಯಲ್ಲೇ ಜೋರಾಗಿ ಹೇಳಿಸಿದೆ: "ಅದು ನಾನು ಕಣ್ಣಾರೆ ಕಂಡದ್ದು ಚಿಕ್ಕಪ್ಪಾ. ಅಪ್ಪನ ಬಗ್ಗೆ ನಿಮಗೆ ಗೊತ್ತಿರೋದನ್ನ ನೀವೂ ಹೇಳಿ, ಕೇಳ್ತೀನಿ." ಮೊದಲ ಸಲ ದನಿ ನಡುಗಿತು. ಹೇಳುತ್ತಾ ಹೇಳುತ್ತಾ ನಿಂತಿತು. ಪ್ರದರ್ಶನಕ್ಕೆ ಬಂದವರು "ಇದು ನಿಮ್ಮದೇ ಮನೆಯಾ?" ಅಂತ ಕೇಳಿದರೆ "ಚಿತ್ರದಲ್ಲಿ ಎಷ್ಟಿದೆಯೋ ಅಷ್ಟೇ ಹೇಳೋದು ನನಗೆ" ಅನ್ನಬಹುದು. ಚಿತ್ರ ತೋರಿಸಿದ ಮಾತ್ರಕ್ಕೆ ಬದುಕಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು ಅಂತೇನಿಲ್ಲ.

ಹಿರಿಯ ಕಲಾವಿದರ ಮಾತನ್ನು ಸೀಳಿ ನೋಡಿ ಅಂದೆ. ಡೈರಿ ಅನ್ನುವುದು ಅವರ ತೀರ್ಮಾನ, ಅದನ್ನು ಬಿಡಿ. ಕೈಗಳ ಬಗ್ಗೆ ಹೇಳಿದ್ದು ಕೆಲಸಕ್ಕೆ ಬರುವ ಮಾತು, ಅದನ್ನು ಇಟ್ಟುಕೊಳ್ಳಿ. ನಾಲ್ಕು ಜನರ ಎದುರು ಹಾಗೆ ಹೇಳಬಾರದಿತ್ತು ಅನ್ನುವುದೂ ನಿಜ. ಮೂರನ್ನೂ ಒಂದೇ ಗಂಟು ಕಟ್ಟಬೇಡಿ.

ಅಕ್ಕ ಒಪ್ಪಿ ಸಿಕ್ಕಿದ್ದು ಸಾಕಷ್ಟು ದಿನ ಆದ ಮೇಲೆ, ಮಾತಾಡಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ. ಸಿಟ್ಟು ಮಾಡಿದಳಂತೆ, ಪೂರ್ತಿ ಸಿಟ್ಟು, ಈ ಜಡೆಯದಷ್ಟೇ ಅಲ್ಲದೆ ತುಂಬಾ ಹಳೆಯದು ಕೂಡ. "ನೀನು ನಿಂತು ನೋಡಿದೆಯಲ್ಲ, ಯಾಕೆ ಓಡಿ ಬರಲಿಲ್ಲ?" ಅಂತಲೂ ಕೇಳಿದಳು. ಹನ್ನೊಂದು ವರ್ಷದ ಮಗುವಿಗೆ ಕೇಳಬಾರದ ಪ್ರಶ್ನೆ ಅದು. ಹದಿನಾರರ ಹುಡುಗಿಯ ಒಳಗೆ ಇಷ್ಟು ವರ್ಷ ಕೂತಿದ್ದದ್ದೂ ಅದೇ ಪ್ರಶ್ನೆ. ತಂಗಿ ಉತ್ತರ ಕೊಡಲಿಲ್ಲ, ಕೊಡಲು ಪ್ರಯತ್ನವನ್ನೂ ಪಡಲಿಲ್ಲ. ಕೊನೆಗೆ ಅಕ್ಕ ಹೇಳಿದ್ದು: "ಸುಡಬೇಡ. ಆದರೆ ಯಾರಿಗೂ ತೋರಿಸಬೇಡ."

ಹಾಗಾಗಿ ಸರಣಿಯ ಒಳ್ಳೆಯ ಚಿತ್ರ ಈಗ ಬಟ್ಟೆ ಸುತ್ತಿಕೊಂಡು ಗೆಳತಿಯ ಮನೆಯಲ್ಲಿದೆ. ಇದು ಕಲಾವಿದೆಗೆ ದೊಡ್ಡ ನಷ್ಟ. ನಷ್ಟ ಅಂತಲೇ ನಾನೂ ಹೇಳಿದೆ, ಹೋಗಲಿ ಬಿಡಿ ಅನ್ನಲಿಲ್ಲ. ಅಕ್ಕ ತಂಗಿ ಮೊದಲಿನ ಹಾಗೆ ದಿನಾ ಮಾತಾಡುವುದಿಲ್ಲ, ಆದರೆ ಅಕ್ಕ ಫೋನ್ ಎತ್ತುತ್ತಾಳೆ. ಚಿಕ್ಕಪ್ಪ ಇನ್ನೂ ಮನೆಗೆ ಬರುವುದಿಲ್ಲ. ಅಕ್ಕ ಗಂಡನಿಗೆ ಏನು ಹೇಳಿದಳು, ಎಷ್ಟು ಹೇಳಿದಳು ಅನ್ನುವುದು ನಮಗೆ ಬೇಡದ ಸಂಗತಿ.

ಕಲಾವಿದೆ ಈಗ ಕೈಗಳನ್ನು ಬರೆದು ಅಭ್ಯಾಸ ಮಾಡುತ್ತಿದ್ದಾರೆ. ಅಡಿಕೆ ಮಂಡಿಗೆ ಹೋಗಿ, ಆರಿಸಲು ಕೂತ ಹೆಂಗಸರನ್ನು ಕೇಳಿಕೊಂಡು, ಅವರ ಬೆರಳು, ಉಗುರು, ಕಲೆ ಹಿಡಿದ ಅಂಗೈ ಎಲ್ಲ ಬರೆದುಕೊಂಡು ಬರುತ್ತಾರೆ. ಬಾಗಿಲ ಸಂದಿಯ ಹುಡುಗಿಯನ್ನೂ ಶುರು ಮಾಡಿದ್ದಾರೆ, ಮುಖ ಇನ್ನೂ ಕೂಡಿಬಂದಿಲ್ಲವಂತೆ.

ಒಂದು ಕೆಲಸ ಬಾಕಿ ಇದೆ. ಅಮ್ಮನ ಚಿತ್ರಗಳ ಬಗ್ಗೆ ಅಮ್ಮನನ್ನು ಇನ್ನೂ ಕೇಳಿಲ್ಲ. ಕೇಳಿದರೆ ಬೇಡ ಅಂದುಬಿಟ್ಟರೆ ಅನ್ನುವ ಹೆದರಿಕೆ, ಹಾಗೆ ಅಂದರೆ ಸರಣಿಯಲ್ಲಿ ಏನೂ ಉಳಿಯುವುದಿಲ್ಲ. ಮುಂದಿನ ಪ್ರದರ್ಶನಕ್ಕೆ ದಿನ ಗೊತ್ತು ಮಾಡುವ ಮೊದಲು ಊರಿಗೆ ಹೋಗಿ ಕೇಳುವುದು ಅಂತ ತೀರ್ಮಾನ ಆಗಿದೆ. ಅಷ್ಟರಲ್ಲಿ ಕಿಟಕಿಯನ್ನು ಅಮ್ಮ ಹೇಳಿದ ಕಡೆಗೆ ಬದಲಿಸಿ, ಆ ಚಿತ್ರವನ್ನು ಜೊತೆಗೇ ಒಯ್ಯುತ್ತಾರೆ.